ಏಳನೆಯ ಹಸ್ತ

ಧಾರವಾಡದಿಂದ ಹಳಿಯಾಳದ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಮಾವಿನ ತೋಟಗಳು ಶುರುವಾಗುವ ಕಡೆ, ಸ್ಪರ್ಶ ಕೇಂದ್ರ ಎಂಬ ಪ್ರಯೋಗಾಲಯವಿತ್ತು. ಹಾಡನ್ನು ಮುದ್ರಿಸಿಕೊಳ್ಳುವ ಹಾಗೆ ಮನುಷ್ಯರ ಕೈಯ ಸ್ಪರ್ಶವನ್ನು ಮುದ್ರಿಸಿಕೊಂಡು ಇನ್ನೊಬ್ಬರ ಕೈಗೆ ಕೊಡುವ ವಿದ್ಯೆ ಅಲ್ಲಿ ಕೈಗೂಡಿತ್ತು. ನೀಲಗಂಗಾ ಅಲ್ಲಿ ಮೂರು ವರ್ಷಗಳಿಂದ ತಂತ್ರಜ್ಞೆ. ಆಸ್ಪತ್ರೆಗಳಿಗೆ ಹೋಗುವ ಮುಂಚೆ ಪ್ರತಿಯೊಂದು ಕೈಗವಸನ್ನೂ ತಾನೇ ತೊಟ್ಟು, ಎಲ್ಲ ಬೆರಳುಗಳೂ ಸರಿಯಾಗಿ ಕೆಲಸ ಮಾಡುತ್ತವೆಯೇ ಎಂದು ನೋಡುವುದು ಅವಳ ಕೆಲಸ.

ನೋಡಲಿಕ್ಕೆ ಆ ಕೈಗವಸಿನಲ್ಲಿ ವಿಶೇಷವೇನೂ ಇರಲಿಲ್ಲ. ಬೂದು ಬಣ್ಣ, ಮೊಣಕೈವರೆಗೆ ಬರುವ ತೆಳ್ಳನೆಯ ರಬ್ಬರಿನಂಥ ಪದರ. ಅದರೊಳಗೆ ಕೂದಲಿಗಿಂತ ಸಣ್ಣ ಸಾವಿರಾರು ಎಳೆಗಳು. ವಿದ್ಯುತ್ ಹರಿದರೆ ಅವು ಸ್ನಾಯುವಿನ ಹಾಗೆ ಬಿಗಿಯುತ್ತಿದ್ದವು, ನಿಂತರೆ ಸಡಿಲಾಗುತ್ತಿದ್ದವು. ತೊಟ್ಟವಳ ಬೆರಳನ್ನು ಮೆಲ್ಲಗೆ ಹಿಡಿದು ನಡೆಸುತ್ತಿದ್ದವು. ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ಹೇಗೆ ಮಲಗಿದೆ ಎಂದು ತಿಳಿಯುವ, ಅಡ್ಡ ತಿರುಗಿದ್ದರೆ ಹೊರಗಿನಿಂದಲೇ ಒತ್ತಿ ತಲೆ ಕೆಳಗೆ ಮಾಡುವ ಕೈಚಳಕ ಅದರಲ್ಲಿ ತುಂಬಿತ್ತು. ಸುಮ್ಮನೆ ಹಳೆಯ ಚಲನೆಯನ್ನು ಮರಳಿ ಮಾಡುವ ಯಂತ್ರವಲ್ಲ ಅದು. ನೂರಾರು ಹೆರಿಗೆಗಳಲ್ಲಿ ಒಂದು ಕೈ ಹೇಗೆ ನಡೆದುಕೊಂಡಿತು ಎಂಬುದನ್ನು ಕಲಿತು, ಈ ಹೊಟ್ಟೆಯ ಮೇಲೆ ಆ ಕೈ ಈಗ ಏನು ಮಾಡುತ್ತಿತ್ತು ಎಂದು ಲೆಕ್ಕ ಹಾಕಿ ನಡೆಸುತ್ತಿತ್ತು. ದೂರದ ಉಪಕೇಂದ್ರಗಳಲ್ಲಿ, ಡಾಕ್ಟರು ಬರಲಾಗದ ಕಡೆ, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ನರ್ಸ್ ಹುಡುಗಿಯರು ಅದನ್ನು ತೊಟ್ಟು ಎಷ್ಟೋ ತಾಯಂದಿರನ್ನು ಉಳಿಸಿದ್ದರು.

ಆ ಕೈಚಳಕ ಒಟ್ಟು ಹನ್ನೆರಡು ಜನರದು. ಅವರು ಯಾರು, ಎಲ್ಲಿಯವರು ಎಂಬುದು ಅವಳು ನೋಡಬಹುದಾದ ಯಾವ ಕಡತದಲ್ಲೂ ಇರಲಿಲ್ಲ. ಹಸ್ತ ಒಂದು, ಹಸ್ತ ಎರಡು ಎಂದು ಹನ್ನೆರಡರವರೆಗೆ ಅಂಕಿಗಳು, ಅಷ್ಟೆ. ಪೆಟ್ಟಿಗೆಯ ಮೇಲೆ ಮಾತ್ರ ದಪ್ಪ ಅಕ್ಷರಗಳಲ್ಲಿ ‘ಇನಾಂದಾರ ವಿಧಾನ’ ಎಂದಿತ್ತು. ಡಾಕ್ಟರ್ ವಿಶ್ವಂಭರ ಇನಾಂದಾರರು ಕೇಂದ್ರದ ನಿರ್ದೇಶಕರು.

ಏಳನೆಯ ಹಸ್ತ ನೀಲಗಂಗಾಳ ಮೇಜಿಗೆ ಯಾವತ್ತೂ ಬಂದಿರಲಿಲ್ಲ. ಮುದ್ರಣದಲ್ಲೇನೋ ದೋಷವಿದೆ ಎಂದು ಅದನ್ನು ಮೊದಲಿನಿಂದ ಬದಿಗಿಟ್ಟಿದ್ದರು. ಆಷಾಢದ ಒಂದು ಸೋಮವಾರ ಬೆಳಿಗ್ಗೆ, ಆ ದೋಷವೇನು ನೋಡಿ ಎಂದು ಅವಳಿಗೆ ಒಪ್ಪಿಸಿದರು. ಅವಳು ಕೈಗವಸು ತೊಟ್ಟು, ಮೇಜಿನ ಮೇಲಿದ್ದ ಮಾದರಿ ಹೊಟ್ಟೆಯ ಮುಂದೆ ನಿಂತು, ಗುಂಡಿ ಒತ್ತಿದಳು.

ಬಲಗೈ ಎದ್ದಿತು. ಉಳಿದ ಹಸ್ತಗಳ ಹಾಗೆ ಅಂಗೈಯನ್ನು ಊರಲಿಲ್ಲ. ಮಗುಚಿಕೊಂಡು, ಹಿಂಗೈಯನ್ನು ಹೊಟ್ಟೆಗೆ ತಾಗಿಸಿ ಒಂದು ಉಸಿರಿನಷ್ಟು ಹೊತ್ತು ಹಾಗೇ ಇತ್ತು. ಆಮೇಲೆ ತಿರುಗಿ ಅಂಗೈ ಕೂತಿತು. ಎಡಗೈಯೂ ಬಂತು. ನಾಲ್ಕು ಬೆರಳು ಒಟ್ಟಿಗೆ ಕೂತವು. ಕಿರುಬೆರಳು ಮಾತ್ರ ತುಸು ತಡವಾಗಿ, ಸೊಟ್ಟಗೆ ಬಂದು ಪಕ್ಕದಲ್ಲಿ ಒರಗಿತು.

ನೀಲಗಂಗಾ ಗುಂಡಿ ಆರಿಸಿದಳು. ಅದು ಅವಳ ಅವ್ವನ ಕೈ. ಅವ್ವ ತೀರಿಹೋಗಿ ನಾಲ್ಕು ವರ್ಷವಾಗಿತ್ತು.

ಹುಲಿಗೆವ್ವ ಕುಷ್ಟಗಿ ಸೀಮೆಯ ಒಂದು ಹಳ್ಳಿಯ ಸೂಲಗಿತ್ತಿ. ಸಣ್ಣವಳಿದ್ದಾಗ ಬೀಸುವ ಕಲ್ಲಿನ ಕೆಳಗೆ ಸಿಕ್ಕು ಅವಳ ಎಡಗೈಯ ಕಿರುಬೆರಳು ಮುರಿದಿತ್ತು, ಸೊಟ್ಟಗೇ ಕೂಡಿಕೊಂಡಿತ್ತು. ಮೊದಲು ಹಿಂಗೈ ಮುಟ್ಟಿಸುವುದು ಅವಳ ರೂಢಿ. ಅಂಗೈ ಕೆಲಸ ಮಾಡಿ ಮಾಡಿ ದಡ್ಡುಗಟ್ಟಿದೆ, ಬಿಸಿ ತಣ್ಣಗೆ ಅದಕ್ಕೆ ತಿಳಿಯುವುದಿಲ್ಲ ಅನ್ನುತ್ತಿದ್ದಳು. ಮಗಳಿಗೆ ಜ್ವರ ಬಂದಾಗಲೂ ಹಣೆಗೆ ತಾಗುತ್ತಿದ್ದುದು ಹಿಂಗೈಯೇ. ಆದರೆ ಅದು ಮಗಳಿಗೆ ದಕ್ಕುತ್ತಿದ್ದುದು ಅಪರೂಪ. ಯಾರಾದರೂ ಬಂದು ಬಾಗಿಲ ಮುಂದೆ ನಿಂತು ಹೆಸರು ಕೂಗಿದರೆ ಸಾಕು, ಹಚ್ಚಿದ ಒಲೆ ಹಾಗೇ ಬಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ ಹೊರಟುಬಿಡುವಳು. ಉಣ್ಣುತ್ತಿದ್ದ ಮಗಳು ಕೈಯಲ್ಲಿ ತುತ್ತು ಹಿಡಿದು ಬಾಗಿಲನ್ನೇ ನೋಡುತ್ತ ಕೂರುವಳು. ಅವ್ವ ಯಾವಾಗ ಬರುತ್ತಾಳೆ ಎಂದು ಕೇಳಿದರೆ ಪಕ್ಕದ ಮನೆಯವರು, ಕೂಸು ಬಂದ ಮೇಲೆ ಬರುತ್ತಾಳೆ ಎನ್ನುವರು. ಊರಿನ ಕೂಸುಗಳ ಮೇಲೆಲ್ಲ ನೀಲಗಂಗಾಳಿಗೆ ಒಂದು ನಮೂನೆಯ ಸಿಟ್ಟಿತ್ತು.

ದೊಡ್ಡವರ ಮನೆಗಳಲ್ಲಿ ಹೆರಿಗೆ ಆಗುವವರೆಗೆ ಹುಲಿಗೆವ್ವ ಒಳಕೋಣೆಯಲ್ಲಿ ಇರಬಹುದಿತ್ತು. ಆದ ಮೇಲೆ ಅಂಗಳದ ಆಚೆ ಕೂತು, ಮೇಲಿನಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಕುಡಿದು ಬರಬೇಕು. ಅವಳು ಹೋದ ಮೇಲೆ ಕೋಣೆ ತೊಳೆಯುತ್ತಿದ್ದರು. ಇದನ್ನು ಒಮ್ಮೆ ಕಣ್ಣಾರೆ ಕಂಡ ಮಗಳಿಗೆ ಅವ್ವನ ಕಸುಬಿನ ಬಗ್ಗೆಯೇ ನಾಚಿಕೆ ಹುಟ್ಟಿತು. ಧಾರವಾಡದ ಹಾಸ್ಟೆಲ್ಲಿಗೆ ಸೇರುವಾಗ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ‘ಮನೆಗೆಲಸ’ ಎಂದು ಬರೆದಳು. ಗೆಳತಿಯರ ಎದುರು ಅವ್ವನ ಮಾತು ತೆಗೆಯಲಿಲ್ಲ. ಓದು, ನೌಕರಿ ಅಂತ ಊರಿಗೆ ಹೋಗುವುದೇ ಕಡಿಮೆಯಾಯಿತು. ಒಮ್ಮೆ ಫೋನಿನಲ್ಲಿ ಅವ್ವ ಹೇಳಿದ್ದಳು, ಯಾರೋ ಜೀಪಿನಲ್ಲಿ ಬಂದು ಶಿಬಿರ ಹೂಡಿದ್ದರು, ಕೈಗೆ ಉಳ್ಳಾಗಡ್ಡಿ ಸಿಪ್ಪೆಯಂಥಾದ್ದು ತೊಡಿಸಿ, ಇದನ್ನು ಹಾಕಿಕೊಂಡೇ ಹೆರಿಗೆ ಮಾಡಬೇಕೆಂದು ಎರಡು ವರ್ಷ ಓಡಾಡಿಸಿದರು ಎಂದು. ಪರೀಕ್ಷೆಯ ಗಡಿಬಿಡಿಯಲ್ಲಿದ್ದ ನೀಲಗಂಗಾ, ಹೌದೇನು, ಆಮೇಲೆ ಮಾತಾಡೋಣ ಎಂದು ಫೋನು ಇಟ್ಟಿದ್ದಳು. ಆಮೇಲೆ ಮಾತಾಡಿದ್ದಿಲ್ಲ. ಅವ್ವ ಹೋದ ಸುದ್ದಿ ಬಂದಾಗ ಅವಳು ಪುಣೆಯಲ್ಲಿ ತರಬೇತಿಯಲ್ಲಿದ್ದಳು. ಊರು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಮುಖ ನೋಡಲಾಗಲಿಲ್ಲ, ಕೈ ಹಿಡಿಯಲಾಗಲಿಲ್ಲ.

ಆ ಸೋಮವಾರದ ಮೇಲೆ ವಾರವಿಡೀ ನೀಲಗಂಗಾ ಏಳನೆಯ ಹಸ್ತವನ್ನು ಬಿಟ್ಟು ಬೇರೆ ಕೆಲಸ ಮುಟ್ಟಲಿಲ್ಲ. ದೋಷ ಹುಡುಕುತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿದಳು. ಕೈಗವಸು ತೊಟ್ಟು ಅವ್ವನ ಬೆರಳು ಹೋದ ಕಡೆ ತನ್ನ ಬೆರಳನ್ನು ಬಿಟ್ಟುಕೊಡುವಳು. ಅವ್ವನ ಕೈ ತನ್ನ ಕೈಯನ್ನು ಒಳಗಿನಿಂದ ಹಿಡಿದಿದೆ ಅನ್ನಿಸುವುದು. ಆದರೆ ಅದು ಮುಟ್ಟುತ್ತಿದ್ದುದು ಮಾದರಿ ಹೊಟ್ಟೆಯನ್ನು, ಅವಳನ್ನಲ್ಲ. ಒಂದು ದಿನ ತನ್ನ ಹಣೆಯ ಮೇಲೆ ಕೈಯಿಟ್ಟುಕೊಂಡು ಗುಂಡಿ ಒತ್ತಿ ನೋಡಿದಳು. ಕೈಗವಸು ಗೊಂದಲಗೊಂಡಿತು, ಹೊಟ್ಟೆ ಸಿಗದೆ ನಿಂತುಬಿಟ್ಟಿತು.

ಎರಡನೆಯ ವಾರ ಇನಾಂದಾರರು ಅವಳನ್ನು ಕರೆಸಿದರು. ಅವರು ಕೆಟ್ಟ ಮನುಷ್ಯರಲ್ಲ. ಅವರ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದರು, ಈ ಕೆಲಸಕ್ಕೆ ಅವರು ಕೈ ಹಾಕಿದ್ದೇ ಆ ದುಃಖದಿಂದ. ಅವರು ಯೋಜನೆಯನ್ನು ವಿವರಿಸಿದರು. ಹನ್ನೆರಡು ಹಸ್ತಗಳನ್ನೂ ಬೆರೆಸಿ ಒಂದೇ ಒಂದು ಶುದ್ಧ ಹಸ್ತ ಮಾಡುವುದು. ಒಬ್ಬೊಬ್ಬರಲ್ಲಿರುವ ಬೇಡದ ರೂಢಿಗಳನ್ನು ತೆಗೆಯುವುದು. ಏಳನೆಯದರಲ್ಲಿ ತಡವಾಗಿ ಬರುವ ಆ ಬೆರಳು, ಹೊತ್ತು ಕಳೆಯುವ ಆ ಹಿಂಗೈ ಇವನ್ನೆಲ್ಲ ಅಳಿಸುವ ಕೆಲಸ ನೀಲಗಂಗಾಳದೇ. ಬೆರೆಸಿ ಮುಗಿದ ಮೇಲೆ ಮೂಲ ಮುದ್ರಣಗಳನ್ನು ನಾಶಮಾಡುವುದು. ಆ ಶುದ್ಧ ಹಸ್ತದ ಹಕ್ಕಿಗೆ ಇನಾಂದಾರರ ಹೆಸರಿನಲ್ಲಿ ಅರ್ಜಿಯೂ ಹೋಗಿತ್ತು.

ನೀಲಗಂಗಾ, ಏಳನೆಯದು ನನ್ನ ತಾಯಿಯ ಕೈ ಎಂದಳು.

ಇನಾಂದಾರರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ನಂಬದೆ ಇರಲಿಲ್ಲ. ನಂಬಿದ್ದರಿಂದಲೇ ಅವರ ಮುಖ ಬಿಗಿಯಾಯಿತು. ಎಲ್ಲರೂ ಹೆಬ್ಬೆಟ್ಟು ಒತ್ತಿ ಒಪ್ಪಿಗೆ ಕೊಟ್ಟಿದ್ದಾರೆ ಎಂದರು. ಯಾವುದಕ್ಕೆ ಒಪ್ಪಿಗೆ ಎಂದು ಅವರಿಗೆ ಓದಿ ಹೇಳಿದ್ದಿರೇ ಎಂದು ಅವಳು ಕೇಳಿದಳು. ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

“ನೋಡ್ರಿ ನೀಲಗಂಗಾ, ನಾವು ಕೈ ಉಳಿಸ್ಲಿಕ್ಕೆ ಹೊಂಟಿಲ್ಲ, ತಾಯಂದಿರನ್ನ ಉಳಿಸ್ಲಿಕ್ಕೆ ಹೊಂಟೀವಿ,” ಎಂದರು. “ಹೆಸರು ಯಾಕ ಬೇಕು ಇದಕ್ಕ?”

“ಹೆಸರು ಬ್ಯಾಡಾಗಿದ್ರ ಪೆಟ್ಟಿಗಿ ಮ್ಯಾಲೆ ನಿಮ್ಮದ್ಯಾಕ ಐತ್ರಿ ಸರ್?” ಎಂದಳು ನೀಲಗಂಗಾ. ತನ್ನ ಬಾಯಿಂದ ಊರಿನ ಮಾತು ಬಂದದ್ದು ಅವಳಿಗೇ ಆಶ್ಚರ್ಯವಾಯಿತು. ಧಾರವಾಡಕ್ಕೆ ಬಂದ ಮೇಲೆ ಆ ಮಾತನ್ನು ಅವಳು ಒರೆಸಿ ಹಾಕಿದ್ದಳು.

ಇನಾಂದಾರರು ಒಂದು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಅವಳು ತಿದ್ದಿ ಕೊಡಬೇಕು, ಇಲ್ಲವಾದರೆ ಬೇರೆಯವರು ತಿದ್ದುತ್ತಾರೆ.

ನೀಲಗಂಗಾ ರಜೆ ಹಾಕಿ ಕುಷ್ಟಗಿಯ ಬಸ್ಸು ಹತ್ತಿದಳು. ಅವ್ವನ ಜೊತೆ ಅದೇ ಶಿಬಿರದಲ್ಲಿ ಕೈಯ ಮುದ್ರಣ ಕೊಟ್ಟವರು ಯಾರಾದರೂ ಇರಬೇಕು ಎಂಬುದೊಂದೇ ಆಸೆ. ಊರಲ್ಲಿ ವಿಚಾರಿಸಿದಾಗ ಎಲ್ಲರೂ ಹೇಳಿದ ಹೆಸರು ಒಂದೇ, ಪಕ್ಕದ ಊರಿನ ಮಾಬೂಬಿ. ಅವ್ವನ ಓರಗೆಯವಳು, ಅವಳೂ ಸೂಲಗಿತ್ತಿ. ಜೋಡಿ ಹೆರಿಗೆ, ಕಷ್ಟದ ಹೆರಿಗೆ ಅಂದರೆ ಇಬ್ಬರೂ ಕೂಡಿಯೇ ಹೋಗುತ್ತಿದ್ದರಂತೆ. ಸಣ್ಣಂದಿನಲ್ಲಿ ಚಿಕ್ಕಮ್ಮನೆಂಬ ಸಲಿಗೆಯಿಂದ ಚಿಗವ್ವ ಎಂದು ಕರೆಯುತ್ತಿದ್ದ ಮುಖ ನೀಲಗಂಗಾಳಿಗೆ ಮಸುಕು ಮಸುಕಾಗಿ ನೆನಪಿತ್ತು.

ಮಾಬೂಬಿ ಎಪ್ಪತ್ತು ದಾಟಿದ ಒಣಕಲು ಹೆಂಗಸು. ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕೈ ಸಣ್ಣಗೆ ನಡುಗುತ್ತಿತ್ತು. ಹುಲಿಗೆವ್ವನ ಮಗಳು ಎಂದು ತಿಳಿದ ಕೂಡಲೇ ಮೊರ ಪಕ್ಕಕ್ಕಿಟ್ಟು, ಕಣ್ಣು ಕಿರಿದು ಮಾಡಿ ನೋಡಿ, ಎಷ್ಟು ತಡ ಮಾಡಿ ಬಂದಿ ಎಂದಷ್ಟೇ ಹೇಳಿದಳು. ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಉಣ್ಣುವವರೆಗೆ ಏನೂ ಕೇಳಲಿಲ್ಲ.

ಉಂಡಾದ ಮೇಲೆ ನೀಲಗಂಗಾ ಫೋನಿನಲ್ಲಿದ್ದ ಕೈಗವಸಿನ ಚಿತ್ರ ತೋರಿಸಿ ಎಲ್ಲವನ್ನೂ ಹೇಳಿದಳು. ಮಾಬೂಬಿ ನಕ್ಕಳು, ಆದರೆ ಅದು ಸಂತೋಷದ ನಗುವಲ್ಲ. ಎದ್ದು ಹೋಗಿ ತಗಡಿನ ಡಬ್ಬಿಯಿಂದ ಒಂದು ಕಾಗದ ತಂದಳು. ಎರಡು ವರ್ಷದ ಹಿಂದೆ ಬಂದ ನೋಟಿಸು. ಹೊಸ ಕಾಯಿದೆಯ ಪ್ರಕಾರ ತರಬೇತಿಯ ಪತ್ರವಿಲ್ಲದ ಸೂಲಗಿತ್ತಿಯರು ಯಾವ ಬಸುರಿಯನ್ನೂ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಶಿಕ್ಷೆ. ಪತ್ರ ಕೊಡುವ ಪರೀಕ್ಷೆಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಅವಳ ಕೈಯಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಕೂಸು ಹುಟ್ಟಿದ್ದವು. ಈಗ ತನ್ನ ಮೊಮ್ಮಗಳ ಬಸುರಿ ಹೊಟ್ಟೆಯನ್ನು ಮುಟ್ಟಲೂ ಅಂಜಿಕೆ.

“ನನ್ನ ಕೈಗೆ ಬೀಗ ಹಾಕಿದ್ರು. ಅದ ಕೈ ಪೆಟ್ಟಿಗ್ಯಾಗಿಟ್ಟು ಮಾರಾಕತ್ಯಾರಂತ ನೀ ಹೇಳ್ತಿ,” ಎಂದಳು ಮಾಬೂಬಿ. “ನಾವೇನ್ ಕೇಳಾಕತ್ತಿಲ್ಲ ಮಗಳ. ಕೈ ನಮ್ಮದು ಅನ್ರಿ, ಅಷ್ಟ ಸಾಕು.”

ಅವಳು ಆಗಲೇ ಸುತ್ತಿನ ಊರುಗಳ ಸೂಲಗಿತ್ತಿಯರನ್ನು ಕೂಡಿಸಿ ಒಂದು ಸಂಘ ಮಾಡಿದ್ದಳು. ಆ ಕಾಯಿದೆಯ ವಿರುದ್ಧ ತಾಲ್ಲೂಕು ಕಚೇರಿಯ ಮುಂದೆ ಹನ್ನೊಂದು ದಿನ ಕೂತಿದ್ದಳು. ಈಗ ನೀಲಗಂಗಾಳ ಮಾತು ಕೇಳಿ, ಆ ವರ್ಷ ಶಿಬಿರಕ್ಕೆ ಹೋದ ಹನ್ನೆರಡು ಹೆಂಗಸರ ಹೆಸರನ್ನು ಬೆರಳು ಮಡಿಸಿ ಮಡಿಸಿ ಹೇಳಿದಳು. ನಾಲ್ವರು ತೀರಿಹೋಗಿದ್ದರು. ಎಂಟು ಜನ ಇದ್ದರು. ನೀಲಗಂಗಾ ಆ ಹೆಸರುಗಳನ್ನು ಬರೆದುಕೊಂಡಳು. ಮೂರು ವರ್ಷ ತಾನು ಅಂಕಿಗಳಿಂದ ಕರೆದ ಕೈಗಳು ಇವು ಎಂದು ನೆನೆದು ಅವಳ ಪೆನ್ನು ಮತ್ತೆ ಮತ್ತೆ ನಿಲ್ಲುತ್ತಿತ್ತು.

ಹಕ್ಕು ನೋಂದಣಿ ಮಂಡಳಿಗೆ ಸಂಘದ ಹೆಸರಿನಲ್ಲಿ ತಕರಾರು ಅರ್ಜಿ ಹೋಯಿತು. ಸಾಕ್ಷಿ ಎಂದು ನೀಲಗಂಗಾ ರುಜು ಹಾಕಿದ ಮಾರನೆಯ ದಿನವೇ ಕೇಂದ್ರದ ಬಾಗಿಲು ಅವಳ ಗುರುತಿನ ಚೀಟಿಗೆ ತೆರೆಯಲಿಲ್ಲ. ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದು ಪತ್ರ ಬಂತು. ಅವಳಿಗೆ ಕೆಲಸ ಹೋದ ದುಃಖಕ್ಕಿಂತ, ಒಳಗೆ ಕಪಾಟಿನಲ್ಲಿ ಅವ್ವನ ಕೈ ಒಂಟಿಯಾಗಿ ಬಿದ್ದಿದೆ ಎಂಬ ಸಂಕಟವೇ ಹೆಚ್ಚಾಯಿತು. ಧಾರವಾಡದ ಸಪ್ತಾಪುರದ ಬಾಡಿಗೆ ಮನೆಯಲ್ಲಿ ಕೂತು, ಊರಿನಿಂದ ಊರಿಗೆ ಫೋನು ಮಾಡುತ್ತ, ಗಡುವಿನ ದಿನಗಳನ್ನು ಎಣಿಸಿದಳು. ಗಡುವು ಮುಗಿಯಲು ಮೂರು ದಿನವಿದ್ದಾಗ, ತೀರ್ಪು ಬರುವವರೆಗೆ ಮೂಲ ಮುದ್ರಣಗಳನ್ನು ಮುಟ್ಟಬಾರದೆಂದು ಮಂಡಳಿ ಆದೇಶ ಮಾಡಿತು.

ವಿಚಾರಣೆ ಧಾರವಾಡದಲ್ಲೇ ನಡೆಯಿತು. ಮಂಡಳಿಯ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ಕಡಿಮೆ ಮಾತಿನವರು. ಬದುಕಿದ್ದ ಎಂಟು ಸೂಲಗಿತ್ತಿಯರದು ಕಷ್ಟವಾಗಲಿಲ್ಲ. ಒಬ್ಬೊಬ್ಬರಿಗೂ ಕೈಗವಸು ತೊಡಿಸಿ, ಮಾದರಿ ಹೊಟ್ಟೆಯ ಮೇಲೆ ಕೈಯಾಡಿಸಲು ಹೇಳಿದರು. ತೊಟ್ಟವಳ ಕೈ ಬೇರೆ ದಾರಿ ಹಿಡಿದರೆ ಒಳಗಿನ ಎಳೆಗಳು ಬಿಗಿದು ಎಳೆಯಬೇಕು, ಎಷ್ಟು ಎಳೆದವು ಎಂದು ಪರದೆಯ ಮೇಲೆ ಗೆರೆ ಏಳುತ್ತದೆ. ಮಾಬೂಬಿಗೆ ಮೂರನೆಯ ಹಸ್ತ ತೊಡಿಸಿದಾಗ, ಬೇಳೆ ಆರಿಸುವಾಗ ನಡುಗುತ್ತಿದ್ದ ಅವಳ ಕೈ ಹೊಟ್ಟೆ ಸಿಕ್ಕ ಕೂಡಲೇ ನಿಶ್ಚಲವಾಯಿತು. ಪರದೆಯ ಗೆರೆ ಏಳಲೇ ಇಲ್ಲ. ಎಳೆಗಳಿಗೆ ಮಾಡಲು ಕೆಲಸವೇ ಇರಲಿಲ್ಲ. ಕೈಗವಸು ತನ್ನ ಯಜಮಾನಿಯ ಕೈಯೊಳಗೆ ಸುಮ್ಮನಿತ್ತು. ಎಂಟೂ ಜನರದು ಹೀಗೆಯೇ ಆಯಿತು.

ಕಷ್ಟವಾದದ್ದು ತೀರಿಹೋದವರದು. ಹುಲಿಗೆವ್ವನ ಕೈ ಇದೇ ಎನ್ನಲು ಏನು ಆಧಾರ ಎಂದು ಕೇಂದ್ರದ ವಕೀಲರು ಕೇಳಿದರು. ಮಗಳು ಆ ಕಸುಬು ಕಲಿತವಳಲ್ಲ, ತಾಯಿಯ ಜೊತೆ ಬಾಳಿದವಳೂ ಅಲ್ಲ. ಹಾಸ್ಟೆಲ್ಲಿನ ಅರ್ಜಿಯಲ್ಲಿ ತಾಯಿಯ ಉದ್ಯೋಗ ಮನೆಗೆಲಸವೆಂದು ಅವಳೇ ಬರೆದಿದ್ದಾಳೆ ಎಂದು ಹಳೆಯ ಕಾಗದದ ಪ್ರತಿಯನ್ನು ಮುಂದಿಟ್ಟರು. ನೀಲಗಂಗಾ ತಲೆ ಎತ್ತಲಿಲ್ಲ. ಹೌದು, ನಾನೇ ಬರೆದದ್ದು, ನಾಚಿಕೆಯಿಂದ ಬರೆದದ್ದು ಎಂದಳು. ಆ ಹೊತ್ತಿನಲ್ಲಿ ತಾನು ಸೋತೆ ಎಂದೇ ಅವಳಿಗೆ ಅನ್ನಿಸಿತು.

ಆಗ ಮಾಬೂಬಿ ಎದ್ದು ನಿಂತು, ಕೈ ಇಲ್ಲದಿದ್ದರೇನು, ಆ ಕೈ ಮುಟ್ಟಿಸಿಕೊಂಡವರಿದ್ದಾರಲ್ಲ ಎಂದು ಕೇಳಿದಳು. ಅಧ್ಯಕ್ಷೆ ಅದನ್ನು ಒಪ್ಪಿದರು. ಎರಡು ದಿನ ಬಿಟ್ಟು ಹುಲಿಗೆವ್ವನ ಊರಿನಿಂದ ಐದು ಹೆಂಗಸರು ಟೆಂಪೋದಲ್ಲಿ ಬಂದರು. ಎಲ್ಲರೂ ಅವಳ ಕೈಯಲ್ಲಿ ಹೆತ್ತವರು. ಒಬ್ಬೊಬ್ಬರ ಕಣ್ಣಿಗೂ ಬಟ್ಟೆ ಕಟ್ಟಿ ಮಂಚದ ಮೇಲೆ ಮಲಗಿಸಿದರು. ಒಬ್ಬ ನರ್ಸ್ ನಾಲ್ಕನೆಯ, ಏಳನೆಯ, ಹತ್ತನೆಯ ಹಸ್ತಗಳನ್ನು ಒಂದಾದ ಮೇಲೊಂದು, ಪ್ರತಿ ಸಲ ಬೇರೆ ಬೇರೆ ಕ್ರಮದಲ್ಲಿ ತೊಟ್ಟು ಅವರ ಹೊಟ್ಟೆ ಮುಟ್ಟಿದಳು. ಯಾವ ಸಲ ಯಾವ ಹಸ್ತ ಎಂದು ಬರೆದು ಮಡಚಿದ ಚೀಟಿಗಳು ಅಧ್ಯಕ್ಷೆಯ ಬಳಿ ಮಾತ್ರ ಇದ್ದವು.

ಮೊದಲನೆಯವಳು ಎರಡನೆಯ ಸಲ ಮುಟ್ಟಿದ ಕೈ ಎಂದಳು. ಇನ್ನೊಬ್ಬಳು ಮೂರನೆಯ ಸಲದ ಕೈ ಎಂದಳು. ಬೇರೆ ಬೇರೆ ಉತ್ತರ ಬರುತ್ತಿವೆ ಎಂದು ವಕೀಲರು ಸಮಾಧಾನದ ಉಸಿರು ಬಿಟ್ಟರು. ಕ್ರಮ ಬದಲಾಗುತ್ತಿದೆ ಎಂಬುದನ್ನು ಅವರು ಮರೆತಿದ್ದರು. ಅಧ್ಯಕ್ಷೆ ಬರೆದುಕೊಳ್ಳುತ್ತಿದ್ದರು. ನಾಲ್ಕನೆಯವಳು, ಹುಟ್ಟುತ್ತಲೇ ಕೂಸನ್ನು ಕಳೆದುಕೊಂಡಿದ್ದವಳು, ಹಿಂಗೈ ತಾಗಿದ ಕ್ಷಣವೇ ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಬಿಡಲಿಲ್ಲ. ನರ್ಸ್ ಅವಳ ಬೆರಳು ಬಿಡಿಸಬೇಕಾಯಿತು.

ಐದನೆಯವಳು ಊರಿನ ದೇಸಾಯರ ಮನೆಯ ಹಿರಿಸೊಸೆ ಅನ್ನಪೂರ್ಣಾಬಾಯಿ. ಕಾರಿದ್ದರೂ ಉಳಿದವರ ಜೊತೆ ಟೆಂಪೋದಲ್ಲೇ ಬಂದಿದ್ದಳು. ಮೂರೂ ಕೈಗಳು ಮುಟ್ಟಿದ ಮೇಲೆ ಮೊದಲನೆಯದೇ ಎಂದು ಹೇಳಿ, ತಾನೇ ಕಣ್ಣಿನ ಬಟ್ಟೆ ಬಿಚ್ಚಿ ಎದ್ದು ಕೂತಳು.

“ಮೂರು ಮಕ್ಕಳನ್ನ ಆಕಿ ಕೈಯಾಗ ಹಡದೇನ್ರಿ,” ಎಂದಳು. “ಮೂರೂ ಸಲ, ಆಕಿ ಹ್ವಾದ ಮ್ಯಾಲೆ ನಮ್ಮವರು ಖೋಲಿ ತೊಳದ್ರು. ನಾ ಮಕ್ಕೊಂಡು ನೋಡ್ಕೊಂತ ಇದ್ದೆ, ಬ್ಯಾಡ ಅನ್ಲಿಲ್ಲ. ನನ್ನ ಮೈ ಮಾತ್ರ ಆ ಕೈ ಮರತಿಲ್ಲ.”

ಇನಾಂದಾರರು ತಲೆ ತಗ್ಗಿಸಿ ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದರು. ಅಧ್ಯಕ್ಷೆ ಚೀಟಿಗಳನ್ನು ಬಿಡಿಸಿ ಓದಿದರು. ಐದು ಜನರೂ ಏಳನೆಯ ಹಸ್ತವನ್ನೇ ಗುರುತಿಸಿದ್ದರು.

ತೀರಿಹೋದ ಉಳಿದ ಮೂವರ ಕೈಗಳನ್ನೂ ಅವರವರ ಊರಿನ ಹೆಂಗಸರು ಹೀಗೆಯೇ ಗುರುತಿಸಿದರು. ತೀರ್ಪು ದೀಪಾವಳಿಯ ಹೊತ್ತಿಗೆ ಬಂತು. ಹನ್ನೆರಡು ಹಸ್ತಗಳನ್ನು ಬೆರೆಸಬಹುದು, ಆದರೆ ಮೂಲವನ್ನು ಅಳಿಸುವಂತಿಲ್ಲ. ಪ್ರತಿ ಕೈಗವಸಿನ ಮೇಲೂ ಆ ಕೈಯ ಒಡತಿಯ ಹೆಸರು, ಊರು ಇರಬೇಕು. ಮೂಲ ಮುದ್ರಣದ ಪೂರ್ತಿ ಪ್ರತಿಯನ್ನು ಅವರಿಗೆ, ಇಲ್ಲವೇ ಅವರ ವಾರಸುದಾರರಿಗೆ ಕೊಡಬೇಕು. ಸೂಲಗಿತ್ತಿಯರು ಬಸುರಿಯರನ್ನು ಮುಟ್ಟಬಾರದೆಂಬ ಕಾಯಿದೆಯ ಬಗ್ಗೆ ಮಾತ್ರ, ಅದು ತನ್ನ ವ್ಯಾಪ್ತಿಯದಲ್ಲ ಎಂದು ಮಂಡಳಿ ಕೈ ಚೆಲ್ಲಿತು. ಹೀಗಾಗಿ ಮಾಬೂಬಿಯ ಹೆಸರಿದ್ದ ಕೈಗವಸು ರಾಯಚೂರಿನ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಬಹುದಿತ್ತು, ಮಾಬೂಬಿ ಮಾಡಿಸುವ ಹಾಗಿರಲಿಲ್ಲ. ಅವಳು ಸಂಘದವರನ್ನು ಕರೆದುಕೊಂಡು ಬೆಂಗಳೂರಿನಲ್ಲಿ ಹೋಗಿ ಕೂರುವ ತಯಾರಿ ನಡೆಸಿದಳು. ನೀಲಗಂಗಾ ಕೇಂದ್ರಕ್ಕೆ ಮರಳಿ ಹೋಗಲಿಲ್ಲ. ಸಂಘದ ಅರ್ಜಿ, ಕಾಗದಪತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ನಿಂತಳು. ಹೆಸರು ಹಾಕುವ ವೇಳೆ ಪ್ರತಿ ಸಲವೂ ‘ಸೂಲಗಿತ್ತಿ ಹುಲಿಗೆವ್ವನ ಮಗಳು’ ಎಂದು ಬರೆದಳು.

ಮೂಲ ಮುದ್ರಣದ ಪ್ರತಿ ಒಂದು ಜೊತೆ ಕೈಗವಸಿನೊಂದಿಗೆ ಕಾರ್ತಿಕದಲ್ಲಿ ಅವಳ ಕೈ ಸೇರಿತು. ಎರಡು ವರ್ಷದ, ನೂರಾ ಎಂಬತ್ತು ಹೆರಿಗೆಗಳ ಮುದ್ರಣ. ಅವಳು ಒಂದೊಂದಾಗಿ ತೆರೆದು ನೋಡುತ್ತ ಬಂದಾಗ ಎಲ್ಲಕ್ಕಿಂತ ಮೊದಲು, ಹೆರಿಗೆಯದಲ್ಲದ ಒಂದು ಸಣ್ಣ ತುಣುಕು ಸಿಕ್ಕಿತು. ಆರು ನಿಮಿಷದ್ದು. ಶಿಬಿರದ ಮೊದಲ ದಿನ ಪದರ ಕೈಗೆ ಹೊಂದಿಕೊಳ್ಳಲೆಂದು, ನಿಮಗೆ ರೂಢಿಯಿರುವ ಏನಾದರೂ ಕೆಲಸ ಮಾಡಿ, ಬರಿ ಗಾಳಿಯಲ್ಲೇ ಆದರೂ ಸರಿ ಎಂದು ಹೇಳಿ ಮಾಡಿಸಿದ್ದು. ಕೇಂದ್ರದಲ್ಲಿ ಇಂಥವನ್ನು ಕಸವೆಂದು ಯಾರೂ ತೆರೆಯುತ್ತಿರಲಿಲ್ಲ.

ನೀಲಗಂಗಾ ಕೈಗವಸು ತೊಟ್ಟು ಅದನ್ನು ನಡೆಸಿದಳು. ಬರಿ ಮೂಲ ಚಲನೆಯಾದ್ದರಿಂದ ಅದಕ್ಕೆ ಹೊಟ್ಟೆ ಬೇಕಿರಲಿಲ್ಲ. ಅವಳ ಕೈಗಳು ಎದೆಯ ಮಟ್ಟಕ್ಕೆ ಎದ್ದವು. ಗಾಳಿಯಲ್ಲಿ ಏನನ್ನೋ ಸವರಿದವು. ಬೇರ್ಪಡಿಸಿದವು. ಮೂರು ಪಾಲು ಮಾಡಿ, ಒಂದರ ಮೇಲೊಂದು ಹಾಯಿಸುತ್ತ ಕೆಳಕೆಳಗೆ ಇಳಿದವು. ಮೊದಲ ಸಲ ತಿಳಿಯಲಿಲ್ಲ. ಎರಡನೆಯ ಸಲ ತಿಳಿಯಿತು. ತಿಳಿದ ಮೇಲೆ ಕೈಗವಸನ್ನು ತೆಗೆದು ಮಡಚಿ ಚೀಲಕ್ಕೆ ಹಾಕಿ, ಮೊದಲ ಬಸ್ಸಿಗೇ ಹೊರಟಳು.

ಮಾಬೂಬಿಯ ಅಂಗಳದಲ್ಲಿ ಬೆಳಗಿನ ಬಿಸಿಲು ಬಿದ್ದಿತ್ತು. ನೀಲಗಂಗಾ ಏನೂ ವಿವರಿಸದೆ ಕೈಗವಸನ್ನು ಅವಳ ಕೈಗೆ ತೊಡಿಸಿ, ಕಟ್ಟೆಯ ಮೇಲೆ ಕೂರಿಸಿ, ತಾನು ಅವಳ ಮುಂದೆ ಕೆಳಗೆ ಕೂತಳು. ಕೂದಲನ್ನು ಬಿಚ್ಚಿ ಬೆನ್ನ ಮೇಲೆ ಹರಡಿಕೊಂಡಳು. ಅಲ್ಲೊಂದು ಇಲ್ಲೊಂದು ಎಳೆ ಆಗಲೇ ನರೆತಿತ್ತು. ಗುಂಡಿ ಒತ್ತಿದಳು.

ಕೈ ತಲೆಯ ಮೇಲೆ ಬಂತು. ನೆತ್ತಿಯಿಂದ ಕತ್ತಿನವರೆಗೆ ಒಮ್ಮೆ ಸವರಿತು, ಇನ್ನೊಮ್ಮೆ ಸವರಿತು. ಸಿಕ್ಕು ಬಿಡಿಸಿತು. ನಡುಬೈತಲೆ ತೆಗೆದು, ಕೂದಲನ್ನು ಮೂರು ಎಸಳು ಮಾಡಿ ಹೆಣೆಯತೊಡಗಿತು. ಹೆಣಿಗೆ ಹೆಣಿಗೆಗೂ ತಲೆ ತುಸು ಹಿಂದಕ್ಕೆ ಬರುವಷ್ಟು ಬಿಗಿ. ನೀಲಗಂಗಾ ಕಣ್ಣು ಮುಚ್ಚಿಕೊಂಡಳು. ಹಾಸ್ಟೆಲ್ಲಿಗೆ ಹೋಗುವ ಬೆಳಿಗ್ಗೆ ಹೀಗೇ ಕೂತಿದ್ದೆನೇ, ಬಿಗಿ ಮಾಡಬೇಡ ಎಂದು ರೇಗಿದ್ದೆನೇ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಮೈಗೆ ಮಾತ್ರ ಎಲ್ಲ ನೆನಪಿತ್ತು. ಅವಳ ಭುಜಗಳು ತಾವಾಗಿ ಸಡಿಲಾದವು.

“ಆವತ್ತು ಶಿಬಿರದಾಗ ಎಲ್ಲಾರೂ ನಕ್ಕಿದ್ರು,” ಎಂದಳು ಹಿಂದಿನಿಂದ ಮಾಬೂಬಿ, ತನ್ನ ಕೈ ಏನು ಮಾಡುತ್ತಿದೆ ಎಂದು ತಿಳಿದು. “ನಾ ರೊಟ್ಟಿ ಬಡಿಯೂವಂಗ ಮಾಡಿದೆ. ನಿಮ್ಮವ್ವ ಇದನ್ನ ಮಾಡಿದ್ಲು. ಯಾರ ಜಡಿ ಹೆಣೀತಿಬೇ ಅಂತ ಕೇಳಿದ್ರ, ಮಗಳು ಮನ್ಯಾಗ ಇರಬೇಕಾದಾಗ ಹೆಚ್ಚು ಹೆಣೀಲಿಲ್ಲ ಮಾಬೂಬಿ, ಊರ ತಿರುಗಿದೆ ಅಂದ್ಲು.”

ಜಡೆ ಅರ್ಧ ಬೆನ್ನಿಗೆ ಬಂದಿತ್ತು. ಅಷ್ಟರಲ್ಲಿ ಕೈ ನಿಂತಿತು. ಪದರ ಹೊಂದಿಕೊಂಡಿತು, ಸಾಕು ಎಂದು ಶಿಬಿರದವರು ಅಲ್ಲಿಗೇ ನಿಲ್ಲಿಸಿದ್ದರು. ಮುದ್ರಣ ಮುಗಿದಿತ್ತು. ಕೈಗವಸಿನ ಎಳೆಗಳು ಸಡಿಲಾಗಿ, ಮಾಬೂಬಿಯ ಕೈ ಮತ್ತೆ ಸಣ್ಣಗೆ ನಡುಗತೊಡಗಿತು. ಹೆಣೆಯದೆ ಉಳಿದ ಮೂರು ಎಸಳುಗಳು ಅವಳ ಬೆರಳುಗಳ ನಡುವೆ ಹಾಗೇ ಇದ್ದವು.

“ನಿಂತು ಬಿಡ್ತಲ್ಲ ಮಗಳ. ಉಳಿದದ್ದು ನಾ ಹೆಣೀಲೇನು?”

ನೀಲಗಂಗಾ ತಿರುಗದೆ, ಅಂಗಳದ ಬಿಸಿಲನ್ನೇ ನೋಡುತ್ತ ಹೇಳಿದಳು.

“ಜಡಿ ಬಿಚ್ಚು ಚಿಗವ್ವ. ಮೊದಲಿಂದ ನೀನ ಹಾಕು.”